ಅಪ್ಪನ ಕಡೆಯ ರಕ್ತ

ದಾತುಕ್ ಸುಳ್ಳು ಹೇಳಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಯಿ ಕೆಟ್ಟದ್ದು, ಮುಂದೆ ಆ ಮನುಷ್ಯನ ಬಗ್ಗೆ ಏನಾದರೂ ಅಂದುಬಿಡಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಷನ್ ಟೇಬಲ್ಲಿನ ಮೇಲೆ ತೀರಿಕೊಂಡಿದ್ದಾರಾ ಎಂದು ಡಾಕ್ಟರು ಕೇಳಿದಾಗ ಅವರು ಇಲ್ಲ ಎಂದರು. ಅವರ ಮನೆಯಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ನಮ್ಮಲ್ಲಿ ಮನೆ ಎಂದರೆ ತಾಯಿಯ ಮನೆ. ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ, ಗದ್ದೆ ಬರುವುದೂ ತಾಯಿಯಿಂದ, ಹೆಣ್ಣುಮಕ್ಕಳ ಪರವಾಗಿ ಮಾತನಾಡುವವನು ಸೋದರಮಾವ. ಅಪ್ಪ ಎನ್ನುವವನು ಸುಟ್ಟ ಮರದ ಬೊಡ್ಡೆಯ ಮೇಲಿನ ಬೂದಿ, ಗಾಳಿ ಬೀಸಿದರೆ ಹಾರಿಹೋಗುತ್ತಾನೆ ಅಂತ ನಮ್ಮ ಹಿರಿಯರೇ ಗಾದೆ ಕಟ್ಟಿದ್ದಾರೆ. ಆ ಬೂದಿಯ ಅಕ್ಕ ನಾನು.

ಹೆಸರು ಅಸ್ನಿಮಾರ್. ಪಾಯಾಕುಂಬು ಸಂತೆಯಲ್ಲಿ ಅಂಟಕ್ಕಿ ಸಂಡಿಗೆ ಮಾರುತ್ತೇನೆ. ತಮ್ಮ ದಸ್ರಿಲ್ ಅದೇ ಸಂತೆಯ ಹಿಂಬದಿಯಲ್ಲಿ ದರ್ಜಿ. ಅವನ ಮಗಳು ರೆಫ್ನಿ. ನಾನು ಎತ್ತಿ ಆಡಿಸಿದ ಹುಡುಗಿಯಾದರೂ ನನ್ನ ಮನೆಯವಳಲ್ಲ, ಅವಳ ತಾಯಿ ಯುಲಿನಾರಳ ಮನೆಯವಳು. ದಾತುಕ್ ಎಂದರೆ ಯುಲಿನಾರಳ ಅಣ್ಣ, ಆ ಬಳಿಯ ಯಜಮಾನರು, ನಿವೃತ್ತ ಮೇಷ್ಟ್ರು. ಸೋದರತ್ತೆಗೆ ಆ ಮನೆಯ ಮದುವೆಯಲ್ಲಿ, ಮಗುವಿನ ಮೊದಲ ಸ್ನಾನದಲ್ಲಿ ಬಹಳ ಮರ್ಯಾದೆ. ಮುಂದಿನ ಚಾಪೆ ಅವಳಿಗೆ, ಮೊದಲ ತಟ್ಟೆ ಅವಳಿಗೆ. ಉಂಡಾದ ಮೇಲೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು, ಅಷ್ಟೆ.

ನನಗಿದ್ದವಳು ಒಬ್ಬಳೇ ಮಗಳು, ವಿಲ್ದಾ. ಎರಡು ವರ್ಷದ ಹಿಂದೆ ಹೆರಿಗೆ ನೋವು ಬಂದು ಮಗು ಇಳಿಯದೆ ನಿಂತಿತು. ಹೊಟ್ಟೆ ಕೊಯ್ಯಬೇಕು ಎಂದರು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಬಹುದು, ಇಲ್ಲವೇ ಪೂರ್ತಿ ನಿದ್ದೆ ಬರಿಸಬಹುದು, ಯಾವುದು ಎಂದು ಕೇಳಿದರು. ಬೆನ್ನಿನ ಸೂಜಿ ಎಂದರೆ ನಮ್ಮ ಹೆಂಗಸರಿಗೆ ಜೀವ ಹೋದಷ್ಟು ಭಯ. ಚುಚ್ಚಿಸಿಕೊಂಡರೆ ಜೀವಮಾನವಿಡೀ ಸೊಂಟ ಹಿಡಿದುಕೊಂಡೇ ಓಡಾಡಬೇಕು ಎಂದು ಹೇಳುವವರು ಓಣಿಗೊಬ್ಬರು ಇದ್ದಾರೆ. ವಿಲ್ದಾ ತನ್ನ ಸೋದರಮಾವನ ಕೈ ಹಿಡಿದುಕೊಂಡು, ಸೂಜಿ ಬೇಡ, ನಿದ್ದೆ ಮಾಡಿಸಿಬಿಡಿ ಮಾವ ಎಂದು ಅತ್ತಳು. ಸೋದರಮಾವ ಎಂದರೆ ದಸ್ರಿಲ್. ಹೆಂಡತಿಯ ಮನೆಯಲ್ಲಿ ಬೂದಿಯಾದವನು ನಮ್ಮ ಮನೆಯಲ್ಲಿ ಯಜಮಾನ. ಅವನೇ ಸಹಿ ಹಾಕಿದ.

ಮಗು ಹೊರಗೆ ಬಂತು, ಹೆಣ್ಣು, ಚೆನ್ನಾಗಿತ್ತು. ಅದನ್ನು ಕೈಗೆ ತೆಗೆದುಕೊಂಡು ನಾವು ನಗುತ್ತಿರುವಾಗಲೇ ನರ್ಸ್ ಓಡಿಬಂದು ಐಸ್ ಬೇಕು, ಎಲ್ಲಿ ಸಿಕ್ಕರೆ ಅಲ್ಲಿಂದ ತನ್ನಿ ಎಂದಳು. ದಸ್ರಿಲ್ ಮೀನಿನ ಅಂಗಡಿಗಳಿಗೆ ಓಡಿ ಗೋಣಿಚೀಲದಲ್ಲಿ ಐಸ್ ಹೊತ್ತು ತಂದ, ಮತ್ತೆ ಓಡಿದ, ಮತ್ತೆ ತಂದ. ಒಳಗೆ ನನ್ನ ಮಗಳ ದವಡೆ ಕಚ್ಚಿಕೊಂಡಿತ್ತಂತೆ, ಕೈಕಾಲು ಸೆಟೆದಿದ್ದವಂತೆ, ಜ್ವರದ ಕಡ್ಡಿಯಲ್ಲಿ ಅಳೆಯಲು ಆಗದಷ್ಟು ಮೈ ಕಾದಿತ್ತಂತೆ. ಸತ್ತವರ ಮೈ ತಣ್ಣಗಿರುತ್ತದೆ ಎನ್ನುತ್ತಾರೆ. ನಾನು ಮುಟ್ಟಿದಾಗ ನನ್ನ ಮಗಳ ಮೈ ಇನ್ನೂ ಸುಡುತ್ತಿತ್ತು.

ಸಾವಿನ ಮನೆಯಲ್ಲಿ ಪ್ರಾರ್ಥನೆಯ ಓದು ನಡೆಯುವಾಗ ನನ್ನ ಅಪ್ಪನ ಮನೆಯ ಕಡೆಯಿಂದ ಒಬ್ಬ ಮುದುಕಿ ಬಂದಿದ್ದಳು. ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಾ, ನಮ್ಮ ಸಾಲಿಮಾಳೂ ಹೀಗೇ ಹೋದಳಮ್ಮಾ ಎಂದಳು. ಸಾಲಿಮಾ ನನ್ನ ಅಪ್ಪನ ತಂಗಿ. ಗಂಟಲಿನ ಗಡ್ಡೆ ತೆಗೆಯಲು ಮಲಗಿಸಿದ್ದರಂತೆ, ಮೈ ಕಾದು ಕಾದು ಸತ್ತಳಂತೆ. ಇದನ್ನು ನಮಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದರೆ ಮುದುಕಿಗೆ ಆಶ್ಚರ್ಯವಾಯಿತು. ನಿಮ್ಮ ಮನೆಗೆ ಯಾಕೆ ಹೇಳುವುದು, ಅವಳು ನಮ್ಮ ಮನೆಯವಳಲ್ಲವಾ ಎಂದಳು. ನಮ್ಮ ಜನ ಮದುವೆಯ ಊಟವನ್ನು ಮನೆಮನೆಗೆ ಹಂಚುತ್ತಾರೆ. ಸಾವನ್ನು ಮಾತ್ರ ತಂತಮ್ಮ ಮನೆಯೊಳಗೇ ಇಟ್ಟುಕೊಳ್ಳುತ್ತಾರೆ.

ಆಮೇಲೆ ಪಾದಂಗ್ ನಗರದ ದೊಡ್ಡ ಡಾಕ್ಟರೊಬ್ಬರು ನನ್ನನ್ನೂ ದಸ್ರಿಲನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕೆಲವರ ಮಾಂಸಖಂಡ ಹುಟ್ಟಿನಿಂದಲೇ ಹಾಗೆ. ನಿದ್ದೆ ಬರಿಸುವ ಗಾಳಿ ಮೂಗಿಗೆ ಹೋದರೆ ತನ್ನಷ್ಟಕ್ಕೇ ಉರಿಯತೊಡಗುತ್ತದೆ. ಅಪ್ಪನಿಂದ ಬರಬಹುದು, ಅಮ್ಮನಿಂದ ಬರಬಹುದು. ರಕ್ತ ಹಂಚಿಕೊಂಡ ಎಲ್ಲರಿಗೂ ಹೇಳಿ ಎಂದರು. ನಾನು ಎಲ್ಲ ಮನೆಗಳ ಹಿರಿಯರಿಗೂ ಹೇಳಿದೆ. ಯುಲಿನಾರಳಿಗೂ ಹೇಳಿದೆ, ಅವಳು ಹೂಂ ಎಂದಳು. ಕಿವಿಗೆ ಬಿತ್ತು ಎನ್ನುವುದಕ್ಕೂ ಹೂಂ ಎನ್ನುತ್ತಾರೆ, ಒಪ್ಪಿದೆ ಎನ್ನುವುದಕ್ಕೂ ಹೂಂ ಎನ್ನುತ್ತಾರೆ. ಅವಳದು ಯಾವ ಹೂಂ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ದಸ್ರಿಲನಿಗೆ ಮಾತ್ರ ಗೋರಿಯ ಹತ್ತಿರ ನಿಂತು, ನನ್ನ ಮಗಳನ್ನು ಮಲಗಿಸಿದವನು ನೀನು ಎಂದಿದ್ದೆ. ಅಂದದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಅವನು ಅಂದಿನಿಂದ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ, ನನ್ನ ಮಡಿಲಲ್ಲಿ ಬೆಳೆಯುತ್ತಿರುವ ವಿಲ್ದಾಳ ಕೂಸನ್ನು ನೋಡಲೂ ಬಂದಿಲ್ಲ. ಸುಗ್ಗಿಯಲ್ಲಿ ಅಕ್ಕಿ ಮೂಟೆ ತಂದು ಕೆಳಗೆ ಇಟ್ಟು, ಕೆಮ್ಮಿ, ಹೊರಟುಹೋಗುತ್ತಿದ್ದ.

ಹೀಗಿರುವಾಗ ಒಂದು ದಿನ ಯುಲಿನಾರ್ ನನ್ನ ಅಂಗಡಿಗೆ ಬಂದು ದೊಡ್ಡ ಡಬ್ಬದ ತುಂಬ ಸಂಡಿಗೆ ಕೇಳಿದಳು. ಮಗುವಿನ ಸ್ನಾನದ ಊಟಕ್ಕೆ ಈಗಲೇ ಕೂಡಿಡುತ್ತಿದ್ದಾಳೆ. ರೆಫ್ನಿಯ ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿದೆ, ಎಷ್ಟು ನೀವಿದರೂ ತಿರುಗಲಿಲ್ಲ, ಗುರುವಾರ ಆಪರೇಷನ್ ಎಂದಳು. ಮುಂದಿನದನ್ನು ಹೆಮ್ಮೆಯಿಂದಲೇ ಹೇಳಿದಳು. ಹುಡುಗಿ ಸೂಜಿಗೆ ಹೆದರುತ್ತಾಳೆ ಅಂತ ದಾತುಕ್ಕೇ ಹೋಗಿ, ಪೂರ್ತಿ ನಿದ್ದೆಯೇ ಕೊಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಬಂದಿದ್ದಾರಂತೆ. ನನ್ನ ಕೈಯಲ್ಲಿದ್ದ ಸಂಡಿಗೆ ಪುಡಿಯಾಯಿತು. ನಾನು ಹೇಳಿದ್ದು ನೆನಪಿಲ್ಲವಾ ಎಂದರೆ ಅವಳು ಸುತ್ತಮುತ್ತ ನೋಡಿ, ಬಸುರಿಯ ವಿಷಯದಲ್ಲಿ ಸಾವಿನ ಮಾತು ಆಡಬೇಡಿ ಅತ್ತಿಗೆ ಎಂದು ನನ್ನ ಬಾಯಿ ಮುಚ್ಚಿಸಿದಳು. ವಿಲ್ದಾ ಜ್ವರ ಬಂದು ಸತ್ತಳು ಎಂದೇ ರೆಫ್ನಿಗೆ ಹೇಳಿಟ್ಟಿದ್ದರು.

ಮಾರನೆಯ ದಿನ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ರೆಫ್ನಿ ಹೊಟ್ಟೆ ಹೊತ್ತು ಬಾಗಿಲಿಗೆ ಬಂದು, ಅತ್ತೆ ಬಂದ್ರು, ಇನ್ನು ಮನೆಯಲ್ಲಿ ರೇಡಿಯೋ ಬೇಡ ಎಂದು ನಕ್ಕಳು. ಅವಳೆದುರು ನಾನು ಏನನ್ನೂ ಆಡುವಂತಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ದಾತುಕ್ಕಿಗೆ ಪಿಸುದನಿಯಲ್ಲೇ ಎಲ್ಲ ಹೇಳಿದೆ. ಅವರು ಕಾಫಿ ಆರುವವರೆಗೂ ಕೇಳಿಸಿಕೊಂಡರು.

"ಬೀಗಿತ್ತಿ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ನಿಮ್ಮ ಮನೆ ಬೆಂಕೀನ ನಮ್ಮ ಮನೆಗೆ ಯಾಕೆ ತರ್ತೀರಿ?" ಎಂದರು.

"ನಾನು ತಂದಿಲ್ಲ ದಾತುಕ್. ಡೋಲು ಬಾರಿಸ್ಕೊಂಡು ಬಂದು ನನ್ನ ತಮ್ಮನ್ನ ಮದುಮಗ ಮಾಡಿ ಕರ್ಕೊಂಡ್ ಹೋದ್ರಲ್ಲ, ಅವತ್ತು ನೀವೇ ತಂದ್ಕೊಂಡಿದೀರಿ."

ಅವರು ನಕ್ಕರು. ಮೇಷ್ಟ್ರು ದಡ್ಡ ಹುಡುಗನ ಉತ್ತರಕ್ಕೆ ನಗುವ ಹಾಗೆ. ರೆಫ್ನಿಗೆ ಮದುವೆಯಾಗದ ತಂಗಿ ಇದ್ದಾಳೆ, ಈ ಮನೆಯ ಹೆಣ್ಣುಗಳ ಮೈಯಲ್ಲಿ ಏನೋ ಇದೆಯಂತೆ ಎಂಬ ಸುದ್ದಿ ಹಬ್ಬಿದರೆ ಯಾರು ಗಂಡು ಕೊಡುತ್ತಾರೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ತಂಗಿಯ ಹೆಸರೆತ್ತಿ ಸುಮ್ಮನಾದರು. ಒಳ್ಳೆಯ ಮನುಷ್ಯರೇ. ಒಳ್ಳೆಯವರ ಜೊತೆ ಜಗಳ ಆಡುವುದು ನೀರಿಗೆ ಗುದ್ದಿದ ಹಾಗೆ.

ಅಲ್ಲಿಂದ ನೇರವಾಗಿ ದಸ್ರಿಲನ ಅಂಗಡಿಗೆ ಹೋದೆ. ಅವನು ಯಾರದೋ ಮದುವೆಯ ಅಂಗಿ ಹೊಲಿಯುತ್ತಿದ್ದ. ಕೊರಳಲ್ಲಿ ಟೇಪು, ತಲೆ ಅರ್ಧ ಬೆಳ್ಳಗಾಗಿತ್ತು. ಇಷ್ಟು ದಿನ ನಾನು ಅದನ್ನು ನೋಡಿರಲಿಲ್ಲ. ನಿನ್ನ ಮಗಳು, ನೀನು ಬಾಯಿ ಬಿಡು ಎಂದೆ. ಮಿಷನ್ನು ನಿಲ್ಲಿಸದೆಯೇ ಅವನು ಹೇಳಿದ.

"ಅಕ್ಕ, ಮಾತಾಡೋ ಹಕ್ಕಿದ್ದಾಗ ಮಾತಾಡಿದೆ. ಏನಾಯ್ತು ನೋಡಿದೀಯ. ಈಗ ಹಕ್ಕೂ ಇಲ್ಲ."

"ಬೂದಿ ಅಂತ ಸುಮ್ನೆ ಕೂರ್ಬೇಡ. ಕಣ್ಣಿಗೆ ಬಿದ್ರೆ ಬೂದೀನೂ ಉರಿಯುತ್ತೆ," ಎಂದೆ.

ಅವನು ದಾರ ಕಡಿದು ಇನ್ನೊಂದು ತೋಳನ್ನು ಸೂಜಿಯ ಕೆಳಗೆ ಇಟ್ಟ. ನನಗೆ ಬಂದ ಸಿಟ್ಟಿಗೆ ಆ ಅಂಗಿಯನ್ನು ಹರಿದುಹಾಕಬೇಕು ಅನ್ನಿಸಿತು. ಮದುಮಗನ ಪಾಪ ಯಾಕೆ ಎಂದು ಬಂದುಬಿಟ್ಟೆ.

ಬುಧವಾರ ರೆಫ್ನಿಯನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಸಂಡಿಗೆ ಡಬ್ಬ ಹಿಡಿದುಕೊಂಡು ಹೋದೆ. ತಿಂಡಿ ತಂದವರನ್ನು ಹೊರಗೆ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ದಾತುಕ್, ಮಂಚದ ತುದಿಯಲ್ಲಿ ಯುಲಿನಾರ್, ಬಾಗಿಲ ಬಳಿ ದಸ್ರಿಲ್. ಅವನ ಪಕ್ಕ ರೆಫ್ನಿಯ ಗಂಡ, ಪೆಕಾನ್‌ಬಾರುವಿನಿಂದ ಬೆಳಿಗ್ಗೆಯಷ್ಟೇ ಬಂದವನು. ಒಂದು ಬೂದಿ ಹಳೆಯದು, ಒಂದು ಹೊಸದು.

ಮರಗಟ್ಟಿಸುವ ಡಾಕ್ಟರು ಬಂದರು. ಹೆಸರು ಸಿಮಾರ್ಮಾತಾ, ಬತಕ್ ಜನ, ಬೆಟ್ಟದಾಚೆಯವರು. ಗಟ್ಟಿ ದನಿ, ದಪ್ಪ ಹುಬ್ಬು. ಔಷಧಿ ಒಗ್ಗುತ್ತದಾ, ಉಬ್ಬಸ ಇದೆಯಾ ಎಂದೆಲ್ಲ ಕೇಳಿ, ಮನೆಯಲ್ಲಿ ಯಾರಾದರೂ ಆಪರೇಷನ್ನಿನಲ್ಲಿ ತೀರಿಕೊಂಡದ್ದು ಇದೆಯಾ ಎಂದರು. ದಾತುಕ್ ಇಲ್ಲ ಎಂದರು. ಡಾಕ್ಟರು ತಲೆಯಾಡಿಸಿ, "ತಂದೆ ಕಡೆ?" ಎಂದರು.

"ಡಾಕ್ಟ್ರೇ, ತಂದೆ ಕಡೆ ಅಂದ್ರೆ ಅದು ಬೇರೆ ಮನೆ," ದಾತುಕ್ ತಾಳ್ಮೆಯಿಂದ ತಿಳಿಸಿಹೇಳಿದರು.

ಬತಕ್ ಜನ ನಮಗೆ ತಿರುಗುಮುರುಗು. ಅವರದು ಅಪ್ಪನ ಲೆಕ್ಕ. ಮುತ್ತಜ್ಜನ ಮುತ್ತಜ್ಜನ ಹೆಸರು ಬಾಯಿಪಾಠ, ಅಜ್ಜಿಯ ಊರು ಕೇಳಿದರೆ ತಡವರಿಸುತ್ತಾರೆ. ಡಾಕ್ಟರು ನಕ್ಕುಬಿಟ್ಟರು.

"ನಮ್ಮಲ್ಲಿ ತಾಯಿ ಕಡೆಯೋರೇ ಬೇರೆ ಮನೆ ದಾತುಕ್. ನೀವೂ ಅರ್ಧ ಹೇಳ್ತೀರಿ, ನಾವೂ ಅರ್ಧ ಹೇಳ್ತೀವಿ. ರಕ್ತಕ್ಕೆ ಮಾತ್ರ ಎರಡು ಮನೆ ದಾರೀನೂ ಗೊತ್ತು. ಹುಡುಗಿ ತಂದೆ ಯಾರು ಇಲ್ಲಿ?"

ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ನಾನು ಹೇಳಿದರೆ, ಮಗಳು ಸತ್ತ ಮೇಲೆ ಇವಳಿಗೆ ತಲೆ ನೆಟ್ಟಗಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಎಲ್ಲರೂ ಬಾಗಿಲ ಕಡೆ ನೋಡಿದರು. ದಸ್ರಿಲ್ ಒಂದು ಹೆಜ್ಜೆ ಒಳಗೆ ಬಂದ. ಮೊದಲು ದಾತುಕ್ಕಿಗೆ ಕೈಮುಗಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

"ನನ್ನ ಅಕ್ಕನ ಮಗಳು ವಿಲ್ದಾ ಹೀಗೇ ಹೆರಿಗೇಲಿ ನಿದ್ದೆ ಮಾಡಿಸಿದಾಗ ಮೈ ಕಾದು ಸತ್ಲು. ಮಾಡಿಸಿ ಅಂತ ಸಹಿ ಹಾಕಿದ್ದು ನಾನೇ. ನನ್ನ ಅಪ್ಪನ ತಂಗೀನೂ ಹಾಗೇ ಸತ್ತಿದ್ಲಂತೆ. ಇವಳು ನನ್ನ ಮಗಳು ಡಾಕ್ಟ್ರೇ. ಇವಳಿಗೆ ಆ ಗಾಳಿ ಕೊಡಬೇಡಿ."

ಡಾಕ್ಟರ ಮುಖದ ನಗು ಹೋಯಿತು. ಮಂಚದ ಮೇಲೆ ರೆಫ್ನಿ ಮೆಲ್ಲಗೆ, ವಿಲ್ದಕ್ಕನಿಗೆ ಜ್ವರ ಅಲ್ಲವಾ ಎಂದಳು. ಯುಲಿನಾರ್ ಮಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು, ಒಳಗಿರುವ ಕೂಸಿಗೆ ಈ ಮಾತು ಕೇಳಿಸಬಾರದು ಎನ್ನುವಂತೆ.

ಡಾಕ್ಟರು ಮಂಚದ ಪಕ್ಕದಲ್ಲಿ ನಿಂತು ರೆಫ್ನಿಗೇ ಹೇಳಿದರು, ದಾತುಕ್ಕಿಗಲ್ಲ. ಅವಳಿಗೂ ಅದು ಇರಬಹುದು, ಇಲ್ಲದೆಯೂ ಇರಬಹುದು. ತಿಳಿಯಬೇಕಾದರೆ ತೊಡೆಯ ಮಾಂಸ ಚೂರು ತೆಗೆದು ದೂರದ ದೇಶದಲ್ಲಿ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಈಗ ಸಮಯವಿಲ್ಲ. ಇದೆ ಎಂದುಕೊಂಡೇ ಕೆಲಸ ಮಾಡಬೇಕು. ಹೊತ್ತಿಕೊಂಡರೆ ಆರಿಸುವ ಮದ್ದು ಒಂದಿದೆ, ಜಕಾರ್ತಾದಿಂದ ಬರಬೇಕು, ಅಲ್ಲಿಯವರೆಗೆ ಕೂಸು ಕಾಯುವುದಿಲ್ಲ. ನೀರಿಲ್ಲದ ಕಡೆ ಕಡ್ಡಿಯನ್ನೇ ಗೀರಬಾರದು ಎಂದರು. ಬೆನ್ನಿನ ಸೂಜಿಯಲ್ಲಿ ಹಾಕುವ ಮದ್ದು ಇಂಥವರಿಗೆ ಏನೂ ಮಾಡುವುದಿಲ್ಲ. ಕೋಣೆಯಿಂದ ಆ ಗಾಳಿಯ ಡಬ್ಬಿಗಳನ್ನೇ ಹೊರಗಿಡಿಸುತ್ತೇನೆ, ಮಿಷನ್ನಿನೊಳಗೆ ಬರಿ ಆಮ್ಲಜನಕ ಹರಿಸಿ ತೊಳೆಸುತ್ತೇನೆ, ಅಕಸ್ಮಾತ್ ನಿದ್ದೆ ಬೇಕೇ ಆದರೂ ನರದ ಮೂಲಕ ಕೊಡುವ ಬೇರೆ ಮದ್ದಿದೆ ಎಂದರು. ದಾತುಕ್ ಎಲ್ಲವನ್ನೂ ಕೇಳಿ, ಹುಡುಗಿ ಒಪ್ಪಿದರೆ ನನ್ನದೇನೂ ಇಲ್ಲ ಎಂದರು. ಅವರ ದನಿ ಇಳಿದಿತ್ತು.

ಹುಡುಗಿ ಒಪ್ಪಲಿಲ್ಲ. ಸೂಜಿಯೂ ಬೇಡ, ನಿದ್ದೆಯೂ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಾದ ಮೇಲೆ, ಅತ್ತೆ ಒಬ್ಬರೇ ಇರಲಿ ಎಂದಳು.

ಎಲ್ಲರೂ ಹೊರಗೆ ಹೋದ ಮೇಲೆ ವಿಲ್ದಾ ಹೇಗೆ ಸತ್ತಳು ಎಂದು ಕೇಳಿದಳು. ಅವಳೂ ವಿಲ್ದಾಳೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಬಸುರಿಗೆ ಹೇಳಬಾರದ್ದನ್ನೆಲ್ಲ ನಾನು ಹೇಳಿದೆ, ದವಡೆ, ಮೀನಿನ ಐಸು, ಮೈಯ ಬಿಸಿ, ಒಂದನ್ನೂ ಬಿಡಲಿಲ್ಲ. ಹೇಳುವಾಗ ನಾನೇ ಮತ್ತೊಮ್ಮೆ ಅಲ್ಲಿ ನಿಂತ ಹಾಗಾಯಿತು.

"ಅವಳಿಗೆ ನೋವಾಯ್ತಾ?"

"ಗೊತ್ತಿಲ್ಲ ಕಣೇ. ನಿದ್ದೇಲಿದ್ಲು."

"ಸೂಜಿ ನೋವಾಗುತ್ತಾ?"

"ಆಗುತ್ತೆ. ಇರುವೆ ಕಚ್ಚಿದಂಗೆ ಅಂತ ಹೇಳ್ತಾರೆ, ಸುಳ್ಳು. ಆಮೇಲೆ ಕಾಲು ನಿಂದಲ್ಲ ಅನ್ನಿಸುತ್ತಂತೆ. ಹೊಟ್ಟೆ ಎಳೆದಾಡೋದು ಗೊತ್ತಾಗುತ್ತಂತೆ."

"ಆಮೇಲೆ ಸೊಂಟ ಹಿಡ್ಕೊಂಡ್ರೆ?"

"ಹಿಡ್ಕೊಳ್ಳಲಿ ಬಿಡೇ. ಸೊಂಟ ನೋವು ಅಂತ ನರಳೋ ಮಗಳು ನನಗೊಬ್ಬಳು ಇದ್ದಿದ್ರೆ ದಿನಾ ಎಣ್ಣೆ ತಿಕ್ತಾ ಕೂತಿರ್ತಿದ್ದೆ."

ಅಳಬಾರದು ಎಂದುಕೊಂಡೇ ಹೋಗಿದ್ದೆ. ಅತ್ತುಬಿಟ್ಟೆ. ಅವಳು ನನ್ನ ತಲೆಯನ್ನು ಎಳೆದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಡ್ಡ ಮಲಗಿದ್ದ ಕೂಸು ನನ್ನ ಕೆನ್ನೆಗೆ ಒದೆಯಿತು. ಡಾಕ್ಟರನ್ನು ಕರೆಯಿರಿ ಎಂದಳು ರೆಫ್ನಿ.

ಗುರುವಾರ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ನಾವೆಲ್ಲ ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತೆವು. ದಸ್ರಿಲ್ ಮಾತ್ರ ದೂರ, ಕಾರಿಡಾರಿನ ತುದಿಯಲ್ಲಿ ನಿಂತಿದ್ದ. ನರ್ಸುಗಳ ಚಪ್ಪಲಿ ಸದ್ದಾದಾಗಲೆಲ್ಲ ಅವನ ತಲೆ ಏಳುತ್ತಿತ್ತು, ಯಾರಾದರೂ ಐಸ್ ಕೇಳಿಕೊಂಡು ಬರುತ್ತಾರೇನೋ ಎಂದು. ಯಾರೂ ಬರಲಿಲ್ಲ. ಒಳಗಿಂದ ಕೂಸಿನ ಅಳು ಕೇಳಿಸಿತು. ಯುಲಿನಾರ್ ನನ್ನ ಭುಜಕ್ಕೆ ಒರಗಿ ಅತ್ತಳು. ನಾನು ಅಳಲಿಲ್ಲ. ವಿಲ್ದಾಳ ದಿನವೂ ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಹೊಟ್ಟೆ ಹೊಲಿದು ಮುಗಿಸಿ ರೆಫ್ನಿಯನ್ನು ಹೊರಗೆ ತಂದರು. ಹಣೆ ಮುಟ್ಟಿದೆ. ಬೆಚ್ಚಗಿತ್ತು, ಮನುಷ್ಯರ ಹಣೆ ಇರಬೇಕಾದಷ್ಟೇ. ಅವಳು ಎಚ್ಚರವಾಗಿದ್ದಳು, ಹಲ್ಲು ಕಟಕಟಿಸುತ್ತಾ ನಗುತ್ತಿದ್ದಳು. ಸೀಗಡಿಯ ಹಾಗೆ ಬಗ್ಗು ಅಂದ್ರು ಅತ್ತೆ, ಆ ಡಾಕ್ಟ್ರು ಚುಚ್ಚುವಾಗ ಹಾಡು ಹೇಳ್ತಾರೆ, ಆಮೇಲೆ ಮಗೂನ ನನ್ನ ಕೆನ್ನೆಗೆ ಹಚ್ಚಿದ್ರು ಎಂದು ಒಂದೇ ಉಸಿರಿಗೆ ಹೇಳಿದಳು. ಹೆಣ್ಣು ಮಗು. ಮಾರನೆಯ ದಿನದವರೆಗೂ ಮೈಯ ಬಿಸಿ ನೋಡುತ್ತಲೇ ಇರಬೇಕು ಎಂದಿದ್ದರು. ನೋಡುತ್ತಲೇ ಇದ್ದರು. ಏನೂ ಏರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ದಾತುಕ್ ತಾವೇ ಹೋಗಿ ನನಗೆ ಮೊಟ್ಟೆ ಕದಡಿದ ಚಹಾ ತಂದುಕೊಟ್ಟರು. ನೋಡಿದಿರಾ ಬೀಗಿತ್ತಿ, ಏನೂ ಆಗಲಿಲ್ಲ, ಸುಮ್ಮನೆ ಎಲ್ಲರೂ ಗಾಬರಿಯಾದೆವು ಎಂದರು. ಏನೂ ಆಗಲಿಲ್ಲವಲ್ಲ, ಅದೇ ನನಗೆ ಬೇಕಿದ್ದದ್ದು ಎಂದೆ. ಬಳಿಯ ಯಜಮಾನ ಬೇರೆ ಮನೆಯ ಹೆಂಗಸಿಗೆ ಲೋಟ ಹಿಡಿದು ನಿಂತದ್ದನ್ನು ನಾನೂ ಗಮನಿಸಿದೆ, ಅವರೂ ಗಮನಿಸಿದರು. ಚಹಾ ಕುಡಿದೆ.

ಆಮೇಲೆ ತಮ್ಮನನ್ನು ಹುಡುಕಿಕೊಂಡು ಹೋದೆ. ಅದೇ ಕಾರಿಡಾರಿನ ತುದಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಬ್ಬನೇ ನಗುತ್ತಾ ನಿಂತಿದ್ದ. ನನ್ನ ಹೆಜ್ಜೆ ಸದ್ದಿಗೆ ತಿರುಗಿದವನು ನಗುವನ್ನು ಅಂಗೈಯಿಂದ ಒರೆಸಿಕೊಂಡುಬಿಟ್ಟ. ಎರಡು ವರ್ಷದಿಂದ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗಿಂತ ಅದು ನನಗೆ ಹೆಚ್ಚು ಸಂಕಟ ಕೊಟ್ಟಿತು. ನನ್ನ ತಮ್ಮ ತನ್ನ ಮಗಳು ಬದುಕಿದ ಸಂತೋಷವನ್ನು ನನ್ನ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದ.

"ನಗೋ," ಎಂದೆ. "ನಿನ್ನ ಮಗಳು ಬದುಕಿದಾಳೆ. ನಗು."

ಅವನು ನಗಲಿಲ್ಲ. ಬಾಯಿ ಸೊಟ್ಟಗಾಯಿತು.

"ಅಕ್ಕ, ಅವತ್ತೂ ಸೂಜಿ ಇತ್ತಲ್ಲ," ಎಂದ.

ಇಲ್ಲ ಎಂದು ಹೇಳಬೇಕಿತ್ತು. ಯಾರಿಗೆ ಗೊತ್ತಿತ್ತು, ಅವಳೇ ಬೇಡ ಅಂದಳಲ್ಲ, ದೇವರು ಬರೆದದ್ದು ಎಂದು ಏನಾದರೂ ಹೇಳಬಹುದಿತ್ತು.

"ಇತ್ತು ಕಣೋ," ಎಂದೆ.

ಅವನ ಪಕ್ಕ ನೆಲದ ಮೇಲೆ ಕೂತೆ. ಅವನೂ ಕೂತ. ಕೋಣೆಯಲ್ಲಿ ಕೂಸು ಅಳುತ್ತಿತ್ತು, ಅತ್ತೆ ಎಲ್ಲಿ ಎಂದು ರೆಫ್ನಿ ಕೇಳುತ್ತಿದ್ದಳು. ಎದ್ದು ಹೋಗಲು ನಮ್ಮಿಬ್ಬರಿಗೂ ಆಗಲಿಲ್ಲ.